ಮೀನಿನ ತೊಟ್ಟಿಯ ಚಿಲ್ಲರ್‌ಗೆ ಗ್ಯಾಸ್ ತುಂಬಿಸುವ ಮುನ್ನ

ಫ್ರಿಜ್ಜಾಗಲಿ, ಏಸಿಯಾಗಲಿ, ಅಕ್ವೇರಿಯಂನ ನೀರನ್ನು ತಣಿಸುವ ಚಿಲ್ಲರ್ ಆಗಲಿ, ತಣಿಸುವುದನ್ನು ನಿಲ್ಲಿಸಿದೊಡನೆ ‘ಗ್ಯಾಸ್ ಖಾಲಿಯಾಗಿದೆ’ ಎಂಬ ಒಂದೇ ಮಾತು ಮಾಲೀಕರ ಬಾಯಲ್ಲೂ ಮೆಕ್ಯಾನಿಕ್‌ಗಳ ಬಾಯಲ್ಲೂ ಬರುತ್ತದೆ. ಅಡುಗೆಮನೆಯ ಸಿಲಿಂಡರನ್ನು ನೋಡಿ ರೂಢಿಯಾಗಿರಬಹುದಾದ ಈ ಮಾತು ಕೇಳಲು ಸಹಜವೆನಿಸಿದರೂ ನಡೆದದ್ದೇನೆಂಬುದನ್ನು ಮರೆಮಾಚುತ್ತದೆ. ಸಿಲಿಂಡರಿನ ಅನಿಲ ಉರಿದು ಮುಗಿಯುತ್ತದೆ. ಚಿಲ್ಲರಿನೊಳಗಿನ ಶೀತಕವಾದರೋ, ಅಂದರೆ ಒಂದೆಡೆ ಶಾಖವನ್ನು ಹೀರಿ ಇನ್ನೊಂದೆಡೆ ಬಿಟ್ಟುಬರುವ ದ್ರವ್ಯವಾದರೋ, ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಕೊಳವೆಯೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕೊಳವೆ ಭದ್ರವಾಗಿದ್ದರೆ ಕಾರ್ಖಾನೆಯಲ್ಲಿ ತುಂಬಿದ್ದೇ ಯಂತ್ರದ ಆಯುಷ್ಯ ಮುಗಿಯುವವರೆಗೂ ಸಾಲಬೇಕು. ಆದ್ದರಿಂದ ಶೀತಕ ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆಯೆಂದೇ ಅರ್ಥ, ಮತ್ತು ಸೋರಿದ ಜಾಗವನ್ನು ಹುಡುಕದೆ ಮತ್ತೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಎಲ್ಲ ಮೀನಿಗೂ ಚಿಲ್ಲರ್ ಬೇಕಿಲ್ಲ. ಡಿಸ್ಕಸ್‌ನಂಥ ಮೀನುಗಳು 28ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ನೀರಿನಲ್ಲೇ ಸುಖವಾಗಿರುತ್ತವೆ. ಆದರೆ ಹವಳ ಸಾಕುವ ಸಮುದ್ರನೀರಿನ ತೊಟ್ಟಿಗೆ ಸಾಮಾನ್ಯವಾಗಿ 24ರಿಂದ 26 ಡಿಗ್ರಿ ಬೇಕು, ಕ್ರಿಸ್ಟಲ್ ರೆಡ್‌ನಂಥ ಸೀಗಡಿಗಳಿಗೆ ಇನ್ನೂ ತಣ್ಣಗಿನ ನೀರು ಬೇಕು. ನೀರು ಬಿಸಿಯಾದರೆ ಹವಳದ ಅಂಗಾಂಶದೊಳಗೆ ನೆಲೆಸಿ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಕಡಲಿನಲ್ಲಿ ದೊಡ್ಡ ಪ್ರಮಾಣದಲ್ಲಿ ಆದದ್ದೂ ಇದೇ. ಬಿಸಿನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ: 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯದು ಏಳೂವರೆ ಮಿಲಿಗ್ರಾಂ ಮಾತ್ರ. ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯ ಜೊತೆಗೆ ತೊಟ್ಟಿಯ ದೀಪಗಳ ಮತ್ತು ಪಂಪಿನ ಶಾಖವೂ ಸೇರಿದರೆ ನೀರು 30 ಡಿಗ್ರಿ ದಾಟುವುದು ಕಷ್ಟವೇನಲ್ಲ. (ಭಾರತದ ಕಡಲಿನ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅವನ್ನು ಕಿತ್ತು ತಂದು ಸಾಕುವುದು ಅಪರಾಧವೆಂಬುದನ್ನು ಹವ್ಯಾಸಿಗಳು ಮರೆಯುವಂತಿಲ್ಲ.)

ಮಣ್ಣಿನ ಹೂಜಿಯ ಮೈಯಿಂದ ಆವಿಯಾಗುವ ನೀರು ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುವಂತೆಯೇ ಚಿಲ್ಲರಿನಲ್ಲಿಯೂ ತಂಪು ಹುಟ್ಟುವುದು ಆವಿಯಾಗುವಿಕೆಯಿಂದ. ವ್ಯತ್ಯಾಸವೆಂದರೆ ಹೂಜಿಯ ಆವಿ ಗಾಳಿಗೆ ಹೋಗುತ್ತದೆ, ಚಿಲ್ಲರಿನ ಆವಿಯನ್ನು ಹಿಡಿದು ಮತ್ತೆ ದ್ರವವಾಗಿಸಲಾಗುತ್ತದೆ. ಇಂಥ ಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿರುವ ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು. ಕಂಪ್ರೆಸರ್ ಅದರ ಆವಿಯನ್ನು ಒತ್ತಿ ಬಿಸಿಮಾಡುತ್ತದೆ, ಕಂಡೆನ್ಸರ್ ಎಂಬ ರೆಕ್ಕೆಗಳುಳ್ಳ ಸುರುಳಿಯಲ್ಲಿ ಫ್ಯಾನಿನ ಗಾಳಿಗೆ ಅದು ತಣಿದು ದ್ರವವಾಗುತ್ತದೆ, ಸೂಜಿಯಷ್ಟು ಸಣ್ಣ ರಂಧ್ರದ ಕ್ಯಾಪಿಲರಿ ಕೊಳವೆಯನ್ನು ದಾಟುವಾಗ ಒತ್ತಡ ಥಟ್ಟನೆ ಇಳಿದು, ಮುಂದಿನ ಸುರುಳಿಯಲ್ಲಿ ತೊಟ್ಟಿಯ ನೀರಿನ ಶಾಖವನ್ನೇ ಹೀರಿಕೊಂಡು ಕುದಿಯುತ್ತದೆ. 200 ಲೀಟರಿನ ತೊಟ್ಟಿಯನ್ನು 4 ಡಿಗ್ರಿ ಇಳಿಸಲು ಸುಮಾರು 3,350 ಕಿಲೋಜೂಲ್ ಶಾಖವನ್ನು ಹೊರಹಾಕಬೇಕು. 250 ವಾಟ್ ತಣಿಸುವ ಶಕ್ತಿಯ ಯಂತ್ರಕ್ಕೆ ಅದು ಸುಮಾರು ಮೂರೂಮುಕ್ಕಾಲು ಗಂಟೆಯ ಕೆಲಸ. ಇದಕ್ಕಾಗಿ ಗಂಟೆಗೆ ಆರು ಕೆ.ಜಿ.ಗೂ ಹೆಚ್ಚು ಶೀತಕ ಕುದಿಯಬೇಕಾಗುತ್ತದೆ, ಆದರೆ ಯಂತ್ರದೊಳಗೆ ಇರುವುದು 150 ಗ್ರಾಂ ಎಂದುಕೊಂಡರೆ, ಅಷ್ಟೇ ದ್ರವ್ಯ ಒಂದೂವರೆ ನಿಮಿಷಕ್ಕೊಂದು ಸುತ್ತು ಹೊಡೆಯುತ್ತಾ ಆ ಕೆಲಸವನ್ನು ಪೂರೈಸುತ್ತದೆ. ಒಂದು ಲೋಟದಷ್ಟೂ ಇಲ್ಲದ ಈ ದ್ರವ್ಯದಲ್ಲಿ ಇಪ್ಪತ್ತು ಗ್ರಾಂ ಸೋರಿದರೂ ಪರಿಣಾಮ ಕಾಣಿಸುವುದು ಈ ಕಾರಣಕ್ಕೆ.

ಮನೆಯ ಫ್ರಿಜ್ಜಿಗಿಂತ ಚಿಲ್ಲರ್ ಭಿನ್ನವಾಗುವುದು ನೀರನ್ನು ಮುಟ್ಟುವ ಸುರುಳಿಯಲ್ಲಿ. ಉಪ್ಪುನೀರು ತಾಮ್ರವನ್ನು ಕೊರೆಯುತ್ತದೆ, ಕರಗಿದ ತಾಮ್ರ ಸೀಗಡಿಗೂ ಹವಳಕ್ಕೂ ವಿಷವಾಗುತ್ತದೆ. ಹಾಗಾಗಿ ಆ ಭಾಗವನ್ನು ಟೈಟಾನಿಯಂ ಲೋಹದಲ್ಲಿ ಮಾಡುತ್ತಾರೆ. ಟೈಟಾನಿಯಂ ತಾಮ್ರದೊಂದಿಗೆ ಸುಲಭವಾಗಿ ಬೆಸೆದುಕೊಳ್ಳುವ ಲೋಹವಲ್ಲವಾದ್ದರಿಂದ ಇವೆರಡೂ ಸೇರುವ ಜೋಡಣೆಯೇ ಸೋರಿಕೆಗಾಗಿ ಮೊದಲು ನೋಡಬೇಕಾದ ಜಾಗ; ಕರಾವಳಿಯಲ್ಲಿ ಉಪ್ಪುಗಾಳಿಗೆ ಕಂಡೆನ್ಸರಿನ ಬಾಗುಗಳೂ ಹಸಿರುಗಟ್ಟಿ ತೂತಾಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಟೈಟಾನಿಯಂ ಸುರುಳಿಯೇ ಬಿರಿಯುವುದು: ಮೊದಲು ಶೀತಕ ಗುಳ್ಳೆಗಳಾಗಿ ತೊಟ್ಟಿಯ ನೀರಿಗೆ ಬರುತ್ತದೆ, ಒಳಗಿನ ಒತ್ತಡ ಇಳಿದ ಮೇಲೆ ಅದೇ ಬಿರುಕಿನಿಂದ ಉಪ್ಪುನೀರನ್ನು ಕಂಪ್ರೆಸರ್ ತನ್ನತ್ತ ಎಳೆದುಕೊಳ್ಳುತ್ತದೆ. ಅಂಥ ಯಂತ್ರಕ್ಕೆ ಗ್ಯಾಸ್ ತುಂಬಿಸುವ ಮಾತೇ ಬರುವುದಿಲ್ಲ.

ಆದರೂ ತಣಿಸದ ಪ್ರತಿಯೊಂದು ಚಿಲ್ಲರೂ ಸೋರಿರುವುದಿಲ್ಲ. ಕಂಡೆನ್ಸರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತ ಧೂಳು, ನಿಂತ ಫ್ಯಾನ್, ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದ ಮುಚ್ಚಿದ ಕಪಾಟು, ಸ್ಪಂಜಿನಲ್ಲಿ ಕಸ ಕಟ್ಟಿ ಬಡವಾದ ನೀರಿನ ಹರಿವು, ಇವೆಲ್ಲವೂ ಹೊರನೋಟಕ್ಕೆ ‘ಗ್ಯಾಸ್ ಖಾಲಿ’ಯಂತೆಯೇ ಕಾಣುತ್ತವೆ, ಮತ್ತು ಒಂದು ಬ್ರಶ್ಶಿನಿಂದ ಸರಿಹೋಗುವ ದೋಷಕ್ಕೆ ಕೊಳವೆ ಕತ್ತರಿಸುವುದು ಅವಿವೇಕ. ಇವೆಲ್ಲ ಸರಿಯಿದ್ದೂ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದರೆ, ಫ್ಯಾನಿನಿಂದ ಬರುವ ಗಾಳಿ ಬಿಸಿಯಾಗದೆ ಬರೀ ಉಗುರುಬೆಚ್ಚಗಿದ್ದರೆ, ಯಂತ್ರ ಎಳೆಯುವ ವಿದ್ಯುತ್ತು ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ, ಯಾವುದಾದರೂ ಜೋಡಣೆಯ ಬಳಿ ಎಣ್ಣೆಯ ಜಿಡ್ಡು ಕಂಡರೆ ಆಗ ಸೋರಿಕೆಯ ಶಂಕೆಗೆ ಆಧಾರವಿದೆ. ಶೀತಕದೊಂದಿಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರಿದ ಕಡೆ ಅದು ಗುರುತು ಬಿಟ್ಟುಹೋಗುತ್ತದೆ.

ಬಹುತೇಕ ಸಣ್ಣ ಚಿಲ್ಲರ್‌ಗಳಲ್ಲಿ ಶೀತಕ ತುಂಬಲು ವಾಲ್ವ್ ಇರುವುದಿಲ್ಲ. ಕಂಪ್ರೆಸರಿನ ಪಕ್ಕದಲ್ಲಿ ಕಿರುಬೆರಳಿನುದ್ದದ ತಾಮ್ರದ ಕೊಳವೆಯೊಂದು ತುದಿಯಲ್ಲಿ ಚಪ್ಪಟೆಯಾಗಿ ಹಿಸುಕಿ ಬೆಸುಗೆ ಹಾಕಿದಂತಿರುತ್ತದೆ. ಪ್ರೋಸೆಸ್ ಟ್ಯೂಬ್ ಎಂದು ಕರೆಯುವ ಇದೇ ಯಂತ್ರದೊಳಕ್ಕೆ ಹೋಗುವ ಬಾಗಿಲು. ಒಳಗೆ ಉಳಿದಿರುವ ಶೀತಕವನ್ನು ಗಾಳಿಗೆ ಬಿಡದೆ ಬೇರೊಂದು ಸಿಲಿಂಡರಿಗೆ ಎಳೆದುಕೊಂಡ ಬಳಿಕ, ಆ ತುದಿಗೆ ವಾಲ್ವ್ ಬೆಸೆದು ಒಣ ಸಾರಜನಕವನ್ನು ಒತ್ತಡದಲ್ಲಿ ತುಂಬುತ್ತಾರೆ, ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚುತ್ತಾರೆ. ಸೋರುವ ಜಾಗದಲ್ಲಿ ನೊರೆ ಸಾಸಿವೆ ಕಾಳಿನಷ್ಟು ಉಬ್ಬುತ್ತದೆ, ಒಡೆಯುತ್ತದೆ, ಮತ್ತೆ ಉಬ್ಬುತ್ತದೆ. ಸಾರಜನಕದ ಬದಲು ಆಮ್ಲಜನಕವನ್ನು ಬಳಸಿದರೆ ಒಳಗಿನ ಎಣ್ಣೆಯೊಂದಿಗೆ ಸೇರಿ ಸ್ಫೋಟವಾಗಬಹುದು. ಇದರಲ್ಲಿ ರಾಜಿಯೇ ಇಲ್ಲ.

ತೂತನ್ನು ಬೆಸೆದ ಮೇಲೆ ತೇವ ಹೀರುವ ಹರಳುಗಳಿರುವ ಫಿಲ್ಟರ್ ಡ್ರೈಯರ್ ಎಂಬ ಸಣ್ಣ ಡಬ್ಬಿಯನ್ನು ಹೊಸದಾಗಿ ಹಾಕಿ, ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನು ಸೆಳೆಯುತ್ತಾರೆ. ಈ ಹಂತವನ್ನು ಹತ್ತು ನಿಮಿಷಕ್ಕೆ ಮುಗಿಸುವ ಆತುರವೇ ಮುಂದಿನ ಕೆಡುಕಿಗೆ ಮೂಲ, ಏಕೆಂದರೆ ನಿರ್ವಾತದ ಉದ್ದೇಶ ಗಾಳಿಯನ್ನು ತೆಗೆಯುವುದಷ್ಟೇ ಅಲ್ಲ, ನೀರನ್ನು ತೆಗೆಯುವುದು. 25 ಡಿಗ್ರಿಯ ನೀರು ಕುದಿಯಬೇಕಾದರೆ ಒತ್ತಡ ಪಾದರಸದ 24 ಮಿಲಿಮೀಟರಿಗೆ ಇಳಿಯಬೇಕು; ಕುಶಲ ತಂತ್ರಜ್ಞರು ಅರ್ಧ ಮಿಲಿಮೀಟರಿನವರೆಗೆ ಇಳಿಸಿ, ಪಂಪ್ ನಿಲ್ಲಿಸಿ, ಮುಳ್ಳು ಮೇಲೇರುತ್ತದೆಯೇ ಎಂದು ಕಾಯುತ್ತಾರೆ. ಆರ್-134ಎ ಯಂತ್ರಗಳಲ್ಲಿ ಬಳಸುವ ಎಸ್ಟರ್ ಎಣ್ಣೆ ತೇವವನ್ನು ಆಸೆಯಿಂದ ಹೀರುತ್ತದೆ, ತೇವ ಉಳಿದರೆ ಆಮ್ಲವಾಗಿ ಕಂಪ್ರೆಸರಿನ ಸುತ್ತುತಂತಿಯನ್ನು ತಿನ್ನುತ್ತದೆ.

ಕೊನೆಗೆ ತುಂಬುವ ಕೆಲಸ, ಅದೂ ತೂಕದಿಂದ. ಯಂತ್ರದ ಲೇಬಲ್ಲಿನಲ್ಲಿ ಶೀತಕದ ಹೆಸರೂ ಗ್ರಾಂ ಲೆಕ್ಕವೂ ಇರುತ್ತದೆ. ಡಬ್ಬಿಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಷ್ಟನ್ನೇ ಒಳಗೆ ಬಿಡಬೇಕು. ಗೇಜಿನ ಮುಳ್ಳು ನೋಡಿ ಅಂದಾಜಿನಲ್ಲಿ ತುಂಬುವ ರೂಢಿ ದೊಡ್ಡ ಏಸಿಯಲ್ಲಿ ಹೇಗೋ ನಡೆದುಹೋಗಬಹುದು, ಆದರೆ ಒಂದು ಮೀಟರ್ ಹೋಸ್ ಪೈಪಿನಲ್ಲೇ ಹತ್ತಿಪ್ಪತ್ತು ಗ್ರಾಂ ದ್ರವ ಉಳಿದುಬಿಡುವಾಗ 150 ಗ್ರಾಂನ ಯಂತ್ರಕ್ಕೆ ಅದು ಸಲ್ಲದು. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದೂ ತಪ್ಪು: ಕುದಿಯದೆ ಉಳಿದ ದ್ರವ ಕಂಪ್ರೆಸರಿಗೆ ನುಗ್ಗುತ್ತದೆ, ಮರಳುವ ಕೊಳವೆಯ ಮೇಲೆ ಹಿಮ ಕಟ್ಟುತ್ತದೆ, ಆವಿಯನ್ನು ಒತ್ತಲೆಂದೇ ಮಾಡಿದ ಯಂತ್ರ ಒತ್ತಲಾಗದ ದ್ರವವನ್ನು ಒತ್ತಲು ಹೋಗಿ ಮುರಿಯುತ್ತದೆ.

ಯಾವ ಶೀತಕ ಎಂಬುದರ ಹಿಂದೆ ದೊಡ್ಡ ಇತಿಹಾಸವೇ ಇದೆ. ಹಳೆಯ ಆರ್-12 ಓಝೋನ್ ಪದರವನ್ನು ಹರಿಯುತ್ತದೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಮರೆಯಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ನಿರಪಾಯಕಾರಿ, ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುವಂಥದ್ದು. ಸೋರಿದ 150 ಗ್ರಾಂ, ಸುಮಾರು 90 ಲೀಟರ್ ಪೆಟ್ರೋಲ್ ಸುಟ್ಟಂತೆ. ಅದೇ ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅಂಗೀಕರಿಸಿದ ಭಾರತ ಇಂಥ ಅನಿಲಗಳ ಬಳಕೆಯನ್ನು 2047ರ ಹೊತ್ತಿಗೆ ಶೇ. 85ರಷ್ಟು ಇಳಿಸಬೇಕಿದೆ. ಹೊಸ ಯಂತ್ರಗಳಲ್ಲಿ ಕಾಣತೊಡಗಿರುವ ಆರ್-290 ವಾಸ್ತವದಲ್ಲಿ ಶುದ್ಧ ಪ್ರೋಪೇನ್. ವಾತಾವರಣಕ್ಕೆ ಹಿತವಾದರೂ ಬೆಂಕಿ ಹಿಡಿಯುವಂಥದ್ದಾದ್ದರಿಂದ ಅದಿರುವ ಯಂತ್ರದ ಬಳಿ ಬೆಸುಗೆಯ ಜ್ವಾಲೆ ತರುವಂತಿಲ್ಲ, ಒತ್ತಿ ಕೂಡಿಸುವ ಜೋಡಣೆಗಳನ್ನೇ ಬಳಸಬೇಕು. ಅಡುಗೆ ಅನಿಲವೂ ಪ್ರೋಪೇನ್ ಬೆರೆತದ್ದೇ ಅಲ್ಲವೇ ಎಂಬ ಜಾಣತನ ಇಲ್ಲಿ ನಡೆಯದು. ಅದರಲ್ಲಿ ಬ್ಯೂಟೇನ್, ವಾಸನೆಗೆಂದು ಸೇರಿಸಿದ ಗಂಧಕದ ಸಂಯುಕ್ತ, ತೇವ ಎಲ್ಲವೂ ಇರುತ್ತವೆ.

ಚಿಲ್ಲರ್ ರಿಪೇರಿಗೆ ಹೋದ ದಿನಗಳಲ್ಲಿ ತೊಟ್ಟಿಯನ್ನು ಕಾಯುವುದು ಹೂಜಿಯ ತತ್ತ್ವವೇ. ನೀರಿನ ಮೇಲೆ ಹಾಯುವಂತೆ ಟೇಬಲ್ ಫ್ಯಾನ್ ಇಟ್ಟರೆ, ಆವಿಯಾದ ಒಂದೇ ಲೀಟರ್ ನೀರು 200 ಲೀಟರಿನ ತೊಟ್ಟಿಯಿಂದ ಹೆಚ್ಚುಕಡಿಮೆ 3 ಡಿಗ್ರಿಯಷ್ಟು ಶಾಖವನ್ನು ಒಯ್ಯುತ್ತದೆ, ಬೆಂಗಳೂರಿನ ಒಣ ಬೇಸಿಗೆಯಲ್ಲಿ ಚೆನ್ನಾಗಿ, ಕರಾವಳಿಯ ತೇವದಲ್ಲಿ ನಿಧಾನವಾಗಿ. ಆವಿಯಾಗುವುದು ನೀರೇ ಹೊರತು ಉಪ್ಪಲ್ಲವಾದ್ದರಿಂದ ಕಡಿಮೆಯಾದದ್ದನ್ನು ಸಿಹಿನೀರಿನಿಂದಲೇ ತುಂಬಬೇಕು. ಇನ್ನು ಮರಳಿ ಬಂದ ಚಿಲ್ಲರ್ ವಾಹನದಲ್ಲಿ ಅಡ್ಡಬಿದ್ದು ಬಂದಿದ್ದರೆ, ಎಣ್ಣೆ ಕಂಪ್ರೆಸರಿನ ತಳಕ್ಕೆ ಇಳಿಯುವವರೆಗೆ ಅದನ್ನು ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲಷ್ಟೇ ಸ್ವಿಚ್ ಒತ್ತಬೇಕು.