ಕಂದು ರೋಗದ ಪತ್ತೆ: ರಕ್ತಸಾರ ಪರೀಕ್ಷೆ ಎಡವುವುದೆಲ್ಲಿ?

ಕಂದು ರೋಗವು ಹಸು ಎಮ್ಮೆಗಳು ಸಾಮಾನ್ಯವಾಗಿ ಗಬ್ಬದ ಐದು ತಿಂಗಳ ನಂತರ ಕಂದು ಹಾಕುವಂತೆ ಮಾಡುವ ಅಂಟುರೋಗ. ಬ್ರುಸೆಲ್ಲಾ ಎಂಬ ರೋಗಾಣು ಇದಕ್ಕೆ ಕಾರಣ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿ ಕರು ಹಾಕಬಹುದು. ನೋಡಲು ಆರೋಗ್ಯವಾಗಿಯೇ ಇರಬಹುದು. ಆದರೂ ಅದರ ಮಾಸು, ಸ್ರಾವ ಮತ್ತು ಹಾಲಿನ ಮೂಲಕ ರೋಗಾಣು ಹೊರಬೀಳುತ್ತಿರುತ್ತದೆ. ಹಸಿ ಹಾಲು ಕುಡಿದವರಿಗೆ, ಬರಿಗೈಯಲ್ಲಿ ಮಾಸು ತೆಗೆದವರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಕಾಡುತ್ತವೆ. ಕಣ್ಣಿಗೆ ಕಾಣದ ಈ ರೋಗಕ್ಕೆ ರಕ್ತಸಾರ ಪರೀಕ್ಷೆಯೇ ಮುಖ್ಯ ಆಧಾರ. ಪರೀಕ್ಷೆ ತಪ್ಪಿದರೆ ನಿರೋಗಿ ಹಸು ಕೊಟ್ಟಿಗೆ ಬಿಡುತ್ತದೆ, ಇಲ್ಲವೆ ರೋಗಿ ಹಸು ಒಳಗೇ ಉಳಿಯುತ್ತದೆ.

ಪ್ರತಿಕಾಯ ಎಂದರೇನು?

ರೋಗಾಣು ದೇಹ ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಹುಟ್ಟುವ ಸಸಾರಜನಕ ವಸ್ತುವೇ ಪ್ರತಿಕಾಯ. ಒಂದು ಬಗೆಯ ಪ್ರತಿಕಾಯ ತನಗೆ ಸಂಬಂಧಿಸಿದ ರೋಗಾಣುವಿಗೇ ಅಂಟಿಕೊಳ್ಳುತ್ತದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭವಾದದ್ದು ಇಂಥ ಪ್ರತಿಕಾಯಗಳುಳ್ಳ ರಕ್ತಸಾರವನ್ನು ದೊಡ್ಡರೋಗಕ್ಕಾಗಿ ತಯಾರಿಸಲೆಂದು. ರೋಗ ತಡೆಯಲು ಬಳಸಿದ ಅದೇ ಗುಣವನ್ನು ಈಗ ರೋಗ ಪತ್ತೆಗೂ ಬಳಸಲಾಗುತ್ತದೆ.

ಮಾದರಿ ಕಳುಹಿಸುವ ಕ್ರಮ

ಪಶುವೈದ್ಯರು ಕುತ್ತಿಗೆಯ ರಕ್ತನಾಳದಿಂದ ಸುಮಾರು 5 ಮಿ.ಲೀ. ರಕ್ತವನ್ನು ಸ್ವಚ್ಛವಾದ, ಒಣಗಿದ ನಳಿಕೆಯಲ್ಲಿ ತೆಗೆಯುತ್ತಾರೆ. ನಳಿಕೆಯನ್ನು ಓರೆಯಾಗಿ ನೆರಳಿನಲ್ಲಿಟ್ಟರೆ ರಕ್ತ ಹೆಪ್ಪುಗಟ್ಟಿ ತಿಳಿ ಹಳದಿ ಬಣ್ಣದ ಸಾರ ಬೇರ್ಪಡುತ್ತದೆ. ಈ ಸಾರವನ್ನು ಬೇರೆ ನಳಿಕೆಗೆ ತೆಗೆದು, ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಸಾರ ಬೇರ್ಪಡಿಸದ ರಕ್ತವನ್ನು ಹೆಪ್ಪುಗಟ್ಟುವ ಚಳಿಯಲ್ಲಿಟ್ಟರೆ ಕೆಂಪು ಕಣಗಳು ಒಡೆದು ಮಾದರಿ ಕೆಡುತ್ತದೆ.

ಕೋಲಾರ, ಹೊಸಕೋಟೆ ಕಡೆಯಿಂದ ಬರುವವರು ಹಳೆ ಮದ್ರಾಸು ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ತಲುಪಿ, ಅಲ್ಲಿಂದ ಹೊರ ವರ್ತುಲ ರಸ್ತೆ ಹಿಡಿದು ಹೆಬ್ಬಾಳಕ್ಕೆ ಹೋಗಬಹುದು. ಟಿನ್ ಫ್ಯಾಕ್ಟರಿಯ ವಾಹನ ದಟ್ಟಣೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೆಂದು ಹೇಳಲಾಗದು. ಬಿಸಿಲಿಗೆ ಕಾದ ಬಸ್ಸಿನಲ್ಲಿ ಮಾದರಿ ಕೈಚೀಲದಲ್ಲಿದ್ದರೆ ಪರೀಕ್ಷೆಗೆ ಮುಂಚೆಯೇ ಕೆಟ್ಟೀತು. ಆದ್ದರಿಂದ ಪ್ರಯಾಣಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಮಂಜುಗಡ್ಡೆ ತುಂಬಿಕೊಳ್ಳುವುದು ಲೇಸು. ಪ್ರತಿ ನಳಿಕೆಯ ಮೇಲೆ ಕಿವಿ ಬಿಲ್ಲೆಯ ಸಂಖ್ಯೆ ಇರಬೇಕು. ಜೊತೆಗಿನ ಚೀಟಿಯಲ್ಲಿ ಹಸುವಿನ ವಯಸ್ಸು, ಕಂದು ಹಾಕಿದ ದಿನ, ಲಸಿಕೆ ಹಾಕಿಸಿದ ದಿನ ಬರೆದಿರಬೇಕು.

ತಟ್ಟೆ ಪರೀಕ್ಷೆ

ರೋಸ್ ಬೆಂಗಾಲ್ ಎಂಬ ಬಣ್ಣ ಹಚ್ಚಿದ ಸತ್ತ ರೋಗಾಣುಗಳ ದ್ರಾವಣದ ಒಂದು ಹನಿಗೆ ಅಷ್ಟೇ ರಕ್ತಸಾರ ಬೆರೆಸಿ, ತಟ್ಟೆಯನ್ನು 4 ನಿಮಿಷ ಅಲುಗಾಡಿಸುತ್ತಾರೆ. ಪ್ರತಿಕಾಯಗಳಿದ್ದರೆ ಗುಲಾಬಿ ಬಣ್ಣದ ಗರಣೆಗಳು ಕಟ್ಟುತ್ತವೆ. ಶೀತಪೆಟ್ಟಿಗೆಯಿಂದ ತೆಗೆದ ದ್ರಾವಣವನ್ನು ಕೋಣೆಯ ಉಷ್ಣತೆಗೆ ತರದೆ ಬಳಸುವುದು, ಹನಿಯ ಅಂಚು ಒಣಗಿದ ಮೇಲೆ ನೋಡುವುದು, ಇವೆರಡೂ ತಪ್ಪು ಉತ್ತರ ಕೊಡುತ್ತವೆ.

ಎಲೈಸಾ ಪರೀಕ್ಷೆ

1971ರಲ್ಲಿ ಬೆಳಕಿಗೆ ಬಂದ ಈ ವಿಧಾನದಲ್ಲಿ ಸಣ್ಣ ಗುಳಿಗಳ ತಟ್ಟೆಗೆ ರೋಗಾಣುವಿನ ಅಂಶ ಲೇಪಿಸಿ ರಕ್ತಸಾರ ಹಾಕುತ್ತಾರೆ. ತೊಳೆದ ಮೇಲೆ, ಹಸುವಿನ ಪ್ರತಿಕಾಯವನ್ನೇ ಗುರುತಿಸುವ ಎರಡನೆಯ ಪ್ರತಿಕಾಯವನ್ನು ಕಿಣ್ವಕ್ಕೆ ಜೋಡಿಸಿ ಹಾಕುತ್ತಾರೆ. ಮತ್ತೆ ತೊಳೆದು ಬಣ್ಣ ಬರಿಸುವ ವಸ್ತು ಸೇರಿಸಿದಾಗ ರೋಗಿ ಹಸುವಿನ ಗುಳಿಗೆ ಬಣ್ಣ ಬರುತ್ತದೆ.

ಎಲ್ಲ ಗುಳಿಗಳಿಗೂ ಬಣ್ಣ ಬಂದರೆ ತೊಳೆದದ್ದು ಸಾಲದೆಂದೋ, ಎರಡನೆಯ ಪ್ರತಿಕಾಯ ಗಟ್ಟಿಯಾಯಿತೆಂದೋ ತಿಳಿಯಬೇಕು. 1000, 2000, 4000 ಪಾಲು ಹೀಗೆ ತೆಳುಮಾಡಿ ನೋಡಿ ಸರಿಯಾದ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಯಾವ ಗುಳಿಗೂ ಬಣ್ಣ ಬಾರದಿದ್ದರೆ ಪ್ರತಿಕಾಯ ಅಥವಾ ಕಿಣ್ವ ಕೆಟ್ಟಿರಬಹುದು. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸುವುದರಿಂದ ಪ್ರತಿಕಾಯ ಕೆಡುತ್ತದೆ. ಕೆಡದಿರಲೆಂದು ಬೆರೆಸುವ ಸೋಡಿಯಂ ಅಜೈಡ್ ಪೆರಾಕ್ಸಿಡೇಸ್ ಕಿಣ್ವವನ್ನೇ ತಡೆಯುತ್ತದೆ. ಪ್ರತಿ ತಟ್ಟೆಯಲ್ಲೂ ರೋಗವಿದೆಯೆಂದು ಗೊತ್ತಿರುವ ಒಂದು ಸಾರ, ಇಲ್ಲವೆಂದು ಗೊತ್ತಿರುವ ಒಂದು ಸಾರ ಇರಲೇಬೇಕು. ಇವು ತಪ್ಪಿದರೆ ಇಡೀ ತಟ್ಟೆಯ ಫಲಿತಾಂಶವನ್ನು ಕೈಬಿಡತಕ್ಕದ್ದು.

ಫಲಿತಾಂಶ ಓದುವಾಗ

ಪ್ರತಿಕಾಯ ಕಂಡ ಮಾತ್ರಕ್ಕೆ ರೋಗವಿದೆಯೆಂದಲ್ಲ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಹಾಕುವ ಎಸ್-19 ಲಸಿಕೆಯನ್ನು ಬೆಳೆದ ಹಸುವಿಗೆ ಹಾಕಿದ್ದರೆ ಪ್ರತಿಕಾಯ ಬಹುಕಾಲ ಉಳಿಯಬಹುದು. ಹಾಗೆಯೇ ಕಂದು ಹಾಕಿದ ಕೂಡಲೇ ತೆಗೆದ ರಕ್ತದಲ್ಲಿ ಪ್ರತಿಕಾಯ ಇನ್ನೂ ಕಾಣಿಸದಿರಬಹುದು. ಸಂಶಯವಿದ್ದಲ್ಲಿ 2-3 ವಾರಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಫಲಿತಾಂಶ ಬರುವವರೆಗೆ ಕಂದು ಹಾಕಿದ ಹಸುವನ್ನು ಬೇರೆ ಕಟ್ಟಿ, ಮಾಸನ್ನು ಕೈಗವಸು ಧರಿಸಿ ಎತ್ತಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಾಲನ್ನು ಚೆನ್ನಾಗಿ ಕಾಯಿಸಿಯೇ ಬಳಸಬೇಕು.