ಗುರುಭವನದ ಒಳಗೆ, ಹೊರಗೆ

2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಅನಿರ್ದಿಷ್ಟಾವಧಿ ಮುಷ್ಕರ ಹೂಡಿದರು. ಅಂದು ಬೆಳಿಗ್ಗೆ ಕಚೇರಿಗಳು ಭಣಗುಟ್ಟಿದವು, ಸರ್ಕಾರಿ ಶಾಲೆಗಳಲ್ಲಿ ಪಾಠ ನಡೆಯಲಿಲ್ಲ. ನೌಕರರು ಕೇಳಿದ್ದು ಶೇ 40ರಷ್ಟು ಮಧ್ಯಂತರ ಪರಿಹಾರ ಮತ್ತು ಹಳೆಯ ಪಿಂಚಣಿ. ಸರ್ಕಾರ ಕೊಟ್ಟಿದ್ದು ಮೂಲ ವೇತನದ ಶೇ 17 ಮತ್ತು ಪಿಂಚಣಿಯ ಅಧ್ಯಯನಕ್ಕೊಂದು ಸಮಿತಿ. ಆದೇಶ ಅದೇ ದಿನ ಹೊರಬಿತ್ತು, ಮುಷ್ಕರವೂ ಅದೇ ದಿನ ಮುಗಿಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಬಸವರಾಜ ಬೊಮ್ಮಾಯಿ. ಶಿಗ್ಗಾವಿಯ ಶಾಸಕರು, ಅಂದರೆ ಹಾವೇರಿ ಜಿಲ್ಲೆಯವರೇ. ವಿಧಾನಸಭೆ ಚುನಾವಣೆಗೆ ಎರಡು ತಿಂಗಳ ಮೇಲೆ ಕೆಲವೇ ದಿನ ಬಾಕಿಯಿತ್ತು ಎನ್ನುವುದನ್ನೂ ಮರೆಯುವಂತಿಲ್ಲ.

ಸಂಘಟನೆಯೆಂದರೆ ಹೀಗಿರಬೇಕು ಎಂದು ಮೆಚ್ಚಿಕೊಂಡವರಿದ್ದರು. ಮೆಣಸಿನಕಾಯಿ ರೇಟು ಬಿದ್ದಾಗ ಇದೇ ಚುರುಕು ಯಾಕೆ ಕಾಣುವುದಿಲ್ಲ ಎಂದು ಗೊಣಗಿದವರೂ ಇದ್ದರು. ಎರಡೂ ಮಾತು ಹಾವೇರಿ ಕಡೆಯ ಚಹಾದಂಗಡಿಗಳಲ್ಲಿ ಇವತ್ತಿಗೂ ನಡೆಯುತ್ತವೆ. ಆದರೆ ಹೊಗಳುವವರಿಗೂ ಬೈಯುವವರಿಗೂ ನೌಕರರ ಸಂಘ ಕಾಣುವುದು ಮುಷ್ಕರದ ದಿನ ಮಾತ್ರ. ಉಳಿದ ದಿನಗಳಲ್ಲಿ ಅದು ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ, ಯಾರಿಗೆ ಮಾಡುವುದಿಲ್ಲ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಗುತ್ತಲವನ್ನೇ ತೆಗೆದುಕೊಳ್ಳೋಣ. ಹಾವೇರಿ ತಾಲ್ಲೂಕಿನ ಹೋಬಳಿ ಊರು, ಈಗ ಪಟ್ಟಣ ಪಂಚಾಯಿತಿ. ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ತಾವೆಂದು ಶಾಸನಗಳಲ್ಲಿ ಹೇಳಿಕೊಂಡ ಗುತ್ತರು 12, 13ನೇ ಶತಮಾನದಲ್ಲಿ ಇಲ್ಲಿಂದ ಆಳಿದರು. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಅವರ ಕಾಲದ ಶಾಸನಗಳಿವೆ. ಒಂದು ಕಾಲದ ರಾಜಧಾನಿಯ ಮಾಸ್ತರು, ಅಕ್ಕೋರುಗಳು ಈಗ ಪಗಾರದ ತಕರಾರಿಗೆ ಬಸ್ಸು ಹತ್ತಿ ಹಾವೇರಿಗೆ ಹೋಗಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು ಇರುವುದು ಅಲ್ಲಿ. ಸಂಘದ ನಿತ್ಯದ ಕೆಲಸ ಶುರುವಾಗುವುದೂ ಈ ಬಸ್ ಪ್ರಯಾಣದಿಂದಲೇ.

ಸರ್ಕಾರಿ ಪ್ರಾಥಮಿಕ ಶಾಲೆಯ ಕಾಯಂ ಶಿಕ್ಷಕರು ಸಾಮಾನ್ಯವಾಗಿ ಎರಡು ಸಂಘಗಳಿಗೆ ಸೇರಿದವರು. ಒಂದು, ಎಲ್ಲ ಇಲಾಖೆಗಳನ್ನೂ ಒಳಗೊಂಡ ಕರ್ನಾಟಕ ರಾಜ್ಯ ಸರ್ಕಾರಿ ನೌಕರರ ಸಂಘ. ಮೈಸೂರು ಸಂಸ್ಥಾನದ ಕಾಲದಲ್ಲಿ, 1920ರಲ್ಲಿ ಹುಟ್ಟಿದ್ದು. ಕಚೇರಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿದೆ. ಇನ್ನೊಂದು, ಕರ್ನಾಟಕ ರಾಜ್ಯ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ. ಎರಡಕ್ಕೂ ರಾಜ್ಯ, ಜಿಲ್ಲೆ, ತಾಲ್ಲೂಕು ಎಂದು ಮೂರು ಮೆಟ್ಟಿಲು. ತಾಲ್ಲೂಕು ಮಟ್ಟದ ಚುನಾವಣೆಯ ಬಿಸಿ ನೋಡದವರಿಗೆ ಅದರ ಕಲ್ಪನೆಯೇ ಬರುವುದಿಲ್ಲ. ಪೆನಲ್ಲು, ಕರಪತ್ರ, ಬೈಕಿನ ಮೇಲೆ ಶಾಲೆಯಿಂದ ಶಾಲೆಗೆ ಪ್ರಚಾರ, ಮತ್ತೆ ಜಾತಿಯ ಲೆಕ್ಕಾಚಾರ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಏನೇನು ಇರುತ್ತದೋ ಅದೆಲ್ಲವೂ ಇಲ್ಲಿರುತ್ತದೆ, ಮತದಾರರೆಲ್ಲ ಓದಿದವರು ಎಂಬುದಷ್ಟೇ ವ್ಯತ್ಯಾಸ.

ಇವರ ಸಭೆ, ಸನ್ಮಾನ, ಜಗಳಗಳಿಗೆಲ್ಲ ಜಾಗ ಗುರುಭವನ. ರಾಜ್ಯದ ಬಹುತೇಕ ತಾಲ್ಲೂಕು ಊರುಗಳಲ್ಲಿ ಈ ಹೆಸರಿನ ಕಟ್ಟಡ ಸಿಗುತ್ತದೆ. ನಿವೃತ್ತರಿಗೆ ಶಾಲು ಹೊದಿಸುವುದು ಅಲ್ಲಿ, ಬಿಇಒ ಮೇಲಿನ ಸಿಟ್ಟನ್ನು ಮನವಿಪತ್ರದ ಭಾಷೆಗೆ ಇಳಿಸುವುದೂ ಅಲ್ಲಿ.

ಮನವಿಯಲ್ಲಿ ಏನಿರುತ್ತದೆ? ಹೊರಗಿನವರು ಊಹಿಸುವಷ್ಟು ದೊಡ್ಡದೇನಿಲ್ಲ. ಸೇವಾ ಪುಸ್ತಕದಲ್ಲಿ ವಾರ್ಷಿಕ ವೇತನ ಬಡ್ತಿ ನಮೂದಾಗಿಲ್ಲ. ಗಳಿಕೆ ರಜೆ ನಗದೀಕರಣದ ಬಿಲ್ಲು ಕೂತಿದೆ. ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಮುಗಿಸಿದವರಿಗೆ ಬರಬೇಕಾದ ಕಾಲಮಿತಿ ಬಡ್ತಿಯ ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ದಾಟಿಲ್ಲ. ಅನುದಾನ ಬಂದಿಲ್ಲವೆಂದು ಪಗಾರ ತಡವಾಗಿದೆ. ಒಂದು ನಮೂದು ತಪ್ಪಿದರೆ ಅದರ ಪೆಟ್ಟು ಪಿಂಚಣಿಯವರೆಗೂ ಹೋಗುತ್ತದೆ. ಏಕೋಪಾಧ್ಯಾಯ ಶಾಲೆಯ ಮಾಸ್ತರ ಇದಕ್ಕಾಗಿ ಹಾವೇರಿಗೆ ಹೋದರೆ ಅವತ್ತು ಶಾಲೆ ನಡೆಸುವವರಿಲ್ಲ. ಹೋಗದಿದ್ದರೆ ಕಡತ ಕದಲುವುದಿಲ್ಲ. ಆಗ ನೆನಪಾಗುವುದು ಸಂಘದ ಕಾರ್ಯದರ್ಶಿಯ ಫೋನ್ ನಂಬರು. ಈ ಓಡಾಟದ ಕೆಲಸವೇ ಸಂಘದ ನಿಜವಾದ ಆಸ್ತಿ ಎಂದು ನನಗನ್ನಿಸುತ್ತದೆ. ಪದಾಧಿಕಾರಿಗಳು ‘ಒಒಡಿ’ (ಅನ್ಯ ಕಾರ್ಯ ನಿಮಿತ್ತ) ಹೆಸರಿನಲ್ಲಿ ತರಗತಿಗಿಂತ ಗುರುಭವನದಲ್ಲೇ ಹೆಚ್ಚು ಸಿಗುತ್ತಾರೆ ಎಂಬ ದೂರು ಇಷ್ಟೇ ಹಳೆಯದು. ಅದರಲ್ಲಿ ಹುರುಳಿಲ್ಲವೆಂದೂ ಹೇಳಲಾರೆ.

ಈ ಭಾಗದ ಮಾಸ್ತರಿಕೆಗೆ ಬೇರೆಯದೇ ಚರಿತ್ರೆಯಿದೆ. ಹಾವೇರಿ ಸೀಮೆ 1956ರವರೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಜಿಲ್ಲೆಯಾಗಿ ಬೇರೆಯಾದದ್ದು 1997ರಲ್ಲಿ. ಮುಂಬಯಿ ಆಡಳಿತದ ಕಾಲದ ಪ್ರಾಥಮಿಕ ಶಿಕ್ಷಕರು ಸ್ಕೂಲ್ ಬೋರ್ಡಿನ ಕೆಳಗಿದ್ದವರು. ವರ್ಗಾವಣೆ ಯಾವ ಊರಿಗೆ ಎನ್ನುವುದು ಬೋರ್ಡಿನ ಮೆಂಬರರ ಮರ್ಜಿಯ ಮೇಲೆ ನಿಂತಿರುತ್ತಿತ್ತು. ಇದೇ ತಾಲ್ಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ, ಎಂದರೆ ಕಾದಂಬರಿಕಾರ ಗಳಗನಾಥರು, ಮೊದಲು ಶಾಲೆಯ ಮಾಸ್ತರರು. ಆ ಕೆಲಸ ಬಿಟ್ಟ ಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮಾಸ್ತರಿಕೆಯೆಂದರೆ ಭದ್ರ ನೌಕರಿ ಎಂಬ ಇವತ್ತಿನ ತಿಳಿವಳಿಕೆ ತೀರ ಹಳೆಯದಲ್ಲ. ಮುಂದೆ ವರ್ಗಾವಣೆ ಕೌನ್ಸೆಲಿಂಗ್ ಮೂಲಕ ನಡೆಯಲೆಂದು 2007ರಲ್ಲಿ ಕಾಯ್ದೆಯಾಯಿತು, 2020ರಲ್ಲಿ ಇನ್ನೊಂದು ಬಂತು. ಶಾಸಕರ ಚೀಟಿ ಹಿಡಿದು ಓಡಾಡುವ ಕಾಲ ಪೂರ್ತಿ ಹೋಗದಿದ್ದರೂ, ಖಾಲಿ ಜಾಗಗಳ ಪಟ್ಟಿ ಎಲ್ಲರ ಕಣ್ಣೆದುರಿಗೆ ಬಂತು.

ಇನ್ನು ಪಗಾರದ ಮಾತು. ಮಾಜಿ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಪ್ರಾಥಮಿಕ ಶಾಲಾ ಶಿಕ್ಷಕರ ವೇತನ ಶ್ರೇಣಿ 25,800ರಿಂದ ಶುರುವಾಗುತ್ತಿದ್ದದ್ದು ಈಗ 41,300ರಿಂದ ಶುರು. ಹಳೆಯ ತುಟ್ಟಿಭತ್ಯೆಯ ಬಹುಪಾಲು ಇದರಲ್ಲೇ ಕರಗಿದೆ, ಹಾಗಾಗಿ ಕೈಗೆ ಬಂದ ಹೆಚ್ಚಳ ಕಾಣುವಷ್ಟು ದೊಡ್ಡದಲ್ಲ. ಸರ್ಕಾರದ ಮೇಲೆ ಬಿದ್ದ ಹೊರೆ ಮಾತ್ರ ದೊಡ್ಡದೇ: ವರ್ಷಕ್ಕೆ 20,208 ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿತು.

ಊರವರ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ವಯಸ್ಸಾದ ರೈತ, ಕೂಲಿಕಾರರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ಸಿಗುವುದು 1,200 ರೂಪಾಯಿ. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದನ್ನು ಜಿಲ್ಲೆ ನೋಡಿದೆ. ಬೆಳೆಗೆ ಬೆಲೆಯಿಲ್ಲ, ಮಾಸ್ತರಿಗೆ ಒಂದನೇ ತಾರೀಖಿಗೆ ಪಗಾರ. ಮೇಲೆ ದಸರಾ ರಜೆ, ಬೇಸಿಗೆ ರಜೆ. ಈ ಹೋಲಿಕೆಗೆ ಉತ್ತರ ಕೊಡುವುದು ಸಂಘದವರಿಗೆ ಸುಲಭವಲ್ಲ, ಕೊಡಲು ಅವರು ಅಷ್ಟಾಗಿ ಪ್ರಯತ್ನಿಸಿಯೂ ಇಲ್ಲ. ಆ ರಜೆಗಳ ಕಾರಣಕ್ಕೇ ಶಿಕ್ಷಕರಿಗೆ ವರ್ಷಕ್ಕೆ ಸಿಗುವ ಗಳಿಕೆ ರಜೆ 10 ದಿನ, ಬೇರೆ ಇಲಾಖೆಯವರಿಗೆ 30 ಎಂಬುದು ಎಷ್ಟು ಪಾಲಕರಿಗೆ ಗೊತ್ತು? 2025ರ ದಸರೆಯಲ್ಲಿ ಆ ರಜೆಯೂ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಹೋಯಿತು. ಮನೆ ಮನೆಗೆ ಅಲೆದು, ನೆಟ್‌ವರ್ಕ್ ಸಿಗದ ಕಡೆ ಆ್ಯಪ್ ತೆರೆಯದೆ ಒದ್ದಾಡಿದವರಲ್ಲಿ ಬಹುಪಾಲು ಶಿಕ್ಷಕರೇ. ಸಮೀಕ್ಷೆ ಮುಗಿಯಲೆಂದು ಅಕ್ಟೋಬರ್ 18ರವರೆಗೆ ಶಾಲೆಗಳಿಗೆ ರಜೆ ಮುಂದುವರಿಯಿತು. ನಷ್ಟವಾದದ್ದು ಮಕ್ಕಳ ಪಾಠಕ್ಕೆ.

ಆದರೆ ಸಂಘದೊಳಗೇ ದೊಡ್ಡ ಬಿರುಕು ಮೂಡಿಸಿದ್ದು ಪಗಾರವಲ್ಲ, ಒಂದು ತಾರೀಖು: 2006ರ ಏಪ್ರಿಲ್ 1. ಅದಕ್ಕೆ ಮೊದಲು ಸೇರಿದವರಿಗೆ ನಿವೃತ್ತಿಯ ನಂತರ ಕೊನೆಯ ಮೂಲ ವೇತನದ ಅರ್ಧದವರೆಗೆ ಪಿಂಚಣಿ, ಜೊತೆಗೆ ತುಟ್ಟಿಭತ್ಯೆ. ಅಂದಿನಿಂದ ಸೇರಿದವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನೌಕರರಿಂದ ಕಟಾವು, ಶೇ 14 ಸರ್ಕಾರದಿಂದ. ಎರಡೂ ಮಾರುಕಟ್ಟೆಗೆ ಹೋಗುತ್ತವೆ. ನಿವೃತ್ತಿಯಾದಾಗ ಶೇ 60ರವರೆಗೆ ಒಮ್ಮೆಗೇ ಪಡೆಯಬಹುದು, ಉಳಿದ ಹಣದಲ್ಲಿ ವರ್ಷಾಶನ ಕೊಳ್ಳಬೇಕು. ತಿಂಗಳಿಗೆ ಎಷ್ಟು ಬರುತ್ತದೆಂದು ಮೊದಲೇ ಯಾರೂ ಹೇಳಲಾರರು. ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಒಂದೇ ತರಗತಿಯ ಉತ್ತರಪತ್ರಿಕೆ ತಿದ್ದುವ ಇಬ್ಬರ ಮುಪ್ಪು ಬೇರೆ ಬೇರೆ.

ಹಳೆಯ ಸಂಘಗಳು ಇದನ್ನು ಹಲವು ವರ್ಷ ಗಟ್ಟಿಯಾಗಿ ಎತ್ತಲಿಲ್ಲ. ಅವುಗಳ ಮುಂದಾಳುಗಳಲ್ಲಿ ಹೆಚ್ಚಿನವರು 2006ಕ್ಕೆ ಮೊದಲು ಸೇರಿದವರು ಎಂಬುದು ಇದಕ್ಕೆ ಕಾರಣವಿರಬೇಕು. ಹೀಗಾಗಿ ಎನ್‌ಪಿಎಸ್ ನೌಕರರು ತಮ್ಮದೇ ಸಂಘ ಕಟ್ಟಿಕೊಂಡು 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಮುಂದಿನ ಮಾರ್ಚಿನ ಮುಷ್ಕರದ ಬೇಡಿಕೆಪಟ್ಟಿಯಲ್ಲಿ ಹಳೆಯ ಪಿಂಚಣಿ ಮೇಲೆ ಬಂದದ್ದು ಆ ಒತ್ತಡದಿಂದ. 2024ರ ಜನವರಿಯಲ್ಲಿ ಒಂದು ಭಾಗಕ್ಕೆ ನ್ಯಾಯ ಸಿಕ್ಕಿತು: 2006ರ ಏಪ್ರಿಲ್‌ಗೆ ಮೊದಲೇ ಅರ್ಜಿ ಕರೆದ ಹುದ್ದೆಗಳಿಗೆ ತಡವಾಗಿ ಹಾಜರಾದ ಸುಮಾರು 13 ಸಾವಿರ ಮಂದಿಗೆ ಹಳೆಯ ಪಿಂಚಣಿ. ಉಳಿದವರು ಇನ್ನೂ ಕಾಯುತ್ತಿದ್ದಾರೆ.

ಸರ್ಕಾರದ ಬದಿಯ ವಾದವನ್ನು ಬರೀ ನೆಪವೆಂದು ತಳ್ಳಿಹಾಕಲಾಗದು. ಹಳೆಯ ಪಿಂಚಣಿಗೆ ಮರಳಿದರೆ ರಾಜ್ಯಗಳ ಹೊರೆ ಎನ್‌ಪಿಎಸ್‌ಗಿಂತ ನಾಲ್ಕೂವರೆ ಪಟ್ಟು ಆಗಬಹುದೆಂದು ರಿಸರ್ವ್ ಬ್ಯಾಂಕಿನ 2023ರ ಅಧ್ಯಯನವೊಂದು ಎಚ್ಚರಿಸಿತು. ಆದರೂ ರಾಜಸ್ಥಾನ, ಹಿಮಾಚಲದಂಥ ರಾಜ್ಯಗಳು ಮರಳುವ ನಿರ್ಧಾರ ಮಾಡಿದವು. ಕೇಂದ್ರವು ನಡುವಿನ ದಾರಿಯಾಗಿ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ತಂದಿತು. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ. ಕಟಾವಣೆ ಮಾತ್ರ ತಪ್ಪುವುದಿಲ್ಲ.

ಮುಷ್ಕರದ ಹಕ್ಕಿನ ವಿಚಾರದಲ್ಲಿ ಕಾನೂನು ನೌಕರರ ಪರವಾಗಿಲ್ಲ. ಸಂಘ ಕಟ್ಟುವುದು ಸಂವಿಧಾನ ಕೊಟ್ಟ ಹಕ್ಕು. ಮುಷ್ಕರ ಹಾಗಲ್ಲ. 2003ರಲ್ಲಿ ತಮಿಳುನಾಡು ಸರ್ಕಾರ ಮುಷ್ಕರನಿರತರನ್ನು ಲಕ್ಷಗಟ್ಟಲೆ ವಜಾ ಮಾಡಿದಾಗ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೊರದೇಶದ ಉದಾಹರಣೆಯೂ ಇದೆ: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2011ರಲ್ಲಿ ಸರ್ಕಾರವೇ ಕಾಯ್ದೆ ತಂದು ಶಿಕ್ಷಕರೂ ಸೇರಿದಂತೆ ಹೆಚ್ಚಿನ ಸರ್ಕಾರಿ ನೌಕರರ ಸಂಘಗಳ ಚೌಕಾಸಿ ಅಧಿಕಾರ ಕತ್ತರಿಸಿತು. ಸಂಘದ ಚಂದಾ ಪಗಾರದಲ್ಲೇ ಮುರಿಯುವ ಪದ್ಧತಿ ನಿಲ್ಲಿಸಿತು. ಸಾವಿರಾರು ಜನ ವಾರಗಟ್ಟಲೆ ಶಾಸನಸಭೆಯ ಕಟ್ಟಡಕ್ಕೆ ಮುತ್ತಿಗೆ ಹಾಕಿದರೂ ಕಾಯ್ದೆಯನ್ನು ತಡೆಯಲಾಗಲಿಲ್ಲ. ನಮ್ಮಲ್ಲಿ ಕತ್ತರಿಸಲು ಕಾನೂನಿನಲ್ಲಿ ಬರೆದಿಟ್ಟ ಅಂಥ ಅಧಿಕಾರವೇ ಇಲ್ಲ. ಸಂಖ್ಯಾಬಲ, ಚುನಾವಣೆಯ ಹೊತ್ತು ಮತ್ತು ಮುಖ್ಯಮಂತ್ರಿ ಕಚೇರಿಯ ಒಡನಾಟ, ಇವೇ ಬಂಡವಾಳ.

ಮತದ ವಿಷಯಕ್ಕೆ ಬಂದರೆ ಒಂದು ವಿಚಿತ್ರವಿದೆ. ಹಾವೇರಿಯು ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಿಂದ ಈ ಕ್ಷೇತ್ರದಲ್ಲಿ ಸೋತಿಲ್ಲ. 2022ರಲ್ಲಿ ಎಂಟನೆಯ ಗೆಲುವು. ಆ ಸಲ ಅವರೆದುರು ಕಾಂಗ್ರೆಸ್ಸಿನಿಂದ ನಿಂತಿದ್ದ ಬಸವರಾಜ ಗುರಿಕಾರ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದ ಮಾಜಿ ಅಧ್ಯಕ್ಷರು. ಆದರೆ ಶಿಕ್ಷಕರ ಕ್ಷೇತ್ರದಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ತರಗತಿಗಳಲ್ಲಿ ಪಾಠ ಮಾಡುವವರಿಗೆ ಮಾತ್ರ. ಸಂವಿಧಾನದ 171ನೇ ವಿಧಿಯಲ್ಲೇ ಹಾಗಿದೆ. ಗುರಿಕಾರರು ವರ್ಷಗಟ್ಟಲೆ ಯಾರ ಪರವಾಗಿ ದನಿಯೆತ್ತಿದರೋ ಅವರು ಅವರಿಗೆ ಮತ ಹಾಕುವಂತಿರಲಿಲ್ಲ. ಅಕ್ಷರ ಕಲಿಸುವವರು ಶಿಕ್ಷಕರ ಪ್ರತಿನಿಧಿಯನ್ನು ಆರಿಸಲಾರರು.

ಬಾಗಿಲ ಹೊರಗೆ ನಿಂತವರು ಬೇರೆಯೂ ಇದ್ದಾರೆ. ಅನುದಾನಿತ ಶಾಲೆಗಳಲ್ಲಿ 2006ರ ನಂತರ ಸೇರಿದವರು ಪಿಂಚಣಿಗಾಗಿ ತಮ್ಮದೇ ಹೋರಾಟ ನಡೆಸಿದ್ದಾರೆ. ಶಿಕ್ಷಕಿಯರು ತಮ್ಮ ಮಾತಿಗೆ ಜಾಗ ಸಾಲದೆಂದು ಸಾವಿತ್ರಿಬಾಯಿ ಫುಲೆ ಹೆಸರಿನಲ್ಲಿ ಪ್ರತ್ಯೇಕ ಸಂಘ ಕಟ್ಟಿದ್ದಾರೆ. ಆರು ತಿಂಗಳ ಶಿಶುಪಾಲನಾ ರಜೆ 2021ರಲ್ಲಿ ಬಂದಿದೆ. ಬಂದ ರಜೆಯನ್ನು ಮಂಜೂರು ಮಾಡಿಸಿಕೊಳ್ಳುವುದು ಇನ್ನೊಂದು ಕೆಲಸ.

ಎಲ್ಲರಿಗಿಂತ ಹೊರಗಿರುವವರು ಅತಿಥಿ ಶಿಕ್ಷಕರು. ರಾಜ್ಯದ ಎಲ್ಲ ಇಲಾಖೆಗಳಲ್ಲಿ ಖಾಲಿ ಇರುವ ಹುದ್ದೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಶಾಲೆಗಳಲ್ಲಿ ಆ ಖಾಲಿ ತುಂಬುವುದು ಇವರಿಂದ, ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ. 2025ರ ಬಜೆಟ್ಟಿನ ಹೆಚ್ಚಳದ ನಂತರ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 12,000 ರೂಪಾಯಿ. ಪಕ್ಕದ ತರಗತಿಯಲ್ಲಿ ಹೊಸದಾಗಿ ಸೇರಿದ ಕಾಯಂ ಶಿಕ್ಷಕರ ಮೂಲ ವೇತನವೇ ಅದರ ಮೂರು ಪಟ್ಟಿಗೂ ಮೇಲೆ. ಇವರಿಗೆ ಸೇವಾ ಪುಸ್ತಕವಿಲ್ಲ, ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ವಿಮೆಯಿಲ್ಲ. ತಿಂಗಳಿಗೆ 350 ರೂಪಾಯಿ ಕಟ್ಟಿ ಕಾಯಂ ಶಿಕ್ಷಕರು ಪಡೆಯುವ ಆರೋಗ್ಯ ಸಂಜೀವಿನಿ ಯೋಜನೆಯ ಚಿಕಿತ್ಸೆಯೂ ಇಲ್ಲ. ಸಂಘದಲ್ಲಿ ಸದಸ್ಯತ್ವವಿಲ್ಲದ್ದರಿಂದ ಗುರುಭವನದಲ್ಲಿ ಕುರ್ಚಿಯೂ ಇಲ್ಲ.

ಇದು ಅತಿಥಿ ಶಿಕ್ಷಕರದಷ್ಟೇ ಸಂಕಟವೆಂದು ಸಂಘ ತಿಳಿದಿದ್ದರೆ ಲೆಕ್ಕ ತಪ್ಪುತ್ತದೆ. ಪ್ರತಿ ವರ್ಷ ನಿವೃತ್ತರಾಗುವವರ ಜಾಗಕ್ಕೆ ಅತಿಥಿಗಳು ಬಂದರೆ ಸದಸ್ಯರ ಸಂಖ್ಯೆ ತಾನಾಗಿ ಕರಗುತ್ತದೆ. ಮುಷ್ಕರದ ದಿನ ಶಾಲೆ ನಡೆಸಲು ಬೇರೆಯವರು ಸಿಗುತ್ತಾರೆ ಎನ್ನುವ ಧೈರ್ಯ ಸರ್ಕಾರಕ್ಕೆ ಬಂದ ದಿನ, ಅರ್ಧ ದಿನದಲ್ಲಿ ಆದೇಶ ಹೊರಡಿಸುವ ಅವಸರ ಅದಕ್ಕಿರುವುದಿಲ್ಲ. ನಿಯಮಾವಳಿ ತಿದ್ದಿ ಅತಿಥಿ ಶಿಕ್ಷಕರಿಗೆ ಸಹ ಸದಸ್ಯತ್ವ ಕೊಡುವುದಕ್ಕೆ, ಬೇಸಿಗೆಯ ಎರಡು ತಿಂಗಳ ಗೌರವಧನವನ್ನು ಬೇಡಿಕೆಪಟ್ಟಿಗೆ ಸೇರಿಸುವುದಕ್ಕೆ ಯಾವ ವೇತನ ಆಯೋಗದ ಅಪ್ಪಣೆಯೂ ಬೇಕಾಗಿಲ್ಲ. ಸದ್ಯಕ್ಕಂತೂ ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಗೌರವಧನ ನಿಲ್ಲುತ್ತದೆ, ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ನಡುವೆಯೇ ನಿಲ್ಲುತ್ತದೆ. ಶಾಲೆ ಮತ್ತೆ ತೆರೆದಾಗ ಅದೇ ಶಾಲೆಗೆ, ಅದೇ ತರಗತಿಗೆ ಅವರು ಹೊಸದಾಗಿ ಅರ್ಜಿ ಹಾಕಬೇಕು.