ಯೊವಾನ್ನ, ಅರುಳಪ್ಪ, ಜುವಾಂವ್

ಜೂನ್ 24 ಸ್ನಾನಿಕ ಯೊವಾನ್ನರ ಜನನದ ಹಬ್ಬ. ಅಂದು ನಾವು ಕೇಳುವ ಲೂಕನ ಶುಭಸಂದೇಶದಲ್ಲಿ ಮಗುವಿನ ಹೆಸರಿಗಾಗಿ ನಡೆದ ತಕರಾರಿದೆ. ಎಂಟನೆಯ ದಿನ ಕೂಡಿದ ನೆಂಟರಿಷ್ಟರು ತಂದೆಯ ಹೆಸರನ್ನೇ ಇಡಲು ಹೊರಟರು. ತಾಯಿ ಎಲಿಜಬೇತಮ್ಮ ಒಪ್ಪಲಿಲ್ಲ. ಮಾತು ನಿಂತಿದ್ದ ಜಕರೀಯರು ಹಲಗೆ ತರಿಸಿ ಯೊವಾನ್ನ ಎಂದು ಬರೆದ ಮೇಲೆಯೇ ತಕರಾರು ಮುಗಿದದ್ದು. ನಮ್ಮ ಮನೆಗಳ ನಾಮಕರಣದ ಗಲಾಟೆ ಹೊಸದೇನಲ್ಲ!

ಮೂಲ ಹೀಬ್ರೂ ಹೆಸರು ಯೋಹಾನಾನ್. 'ದೇವರು ಕೃಪೆ ತೋರಿದ್ದಾರೆ' ಎಂದು ಅದರ ಅರ್ಥ. ಮುಪ್ಪಿನಲ್ಲಿ ಮಗುವನ್ನು ಪಡೆದ ಆ ದಂಪತಿಗಳಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ? ಗ್ರೀಕ್, ಲತೀನ್ ಭಾಷೆಗಳನ್ನು ಹಾದು ಅದು ಇಂಗ್ಲಿಷಿನಲ್ಲಿ ಜಾನ್ ಆಯಿತು. ಪೋರ್ಚುಗೀಸರ ಮೂಲಕ ಬಂದು ಕೊಂಕಣಿಗರ ಜುವಾಂವ್ ಆಯಿತು. ಮಲಯಾಳಿಗಳಲ್ಲಿ ಯೋಹನ್ನಾನ್, ಉಲಹನ್ನಾನ್, ಲೋನಪ್ಪನ್ ಎಲ್ಲವೂ ಇದೇ.

ತಮಿಳರು ಮಾತ್ರ ಉಚ್ಚಾರಣೆಯನ್ನು ಬಿಟ್ಟು ಅರ್ಥವನ್ನು ಹಿಡಿದರು. ಅರುಳ್ ಎಂದರೆ ಕೃಪೆ, ಆದ್ದರಿಂದ ಅರುಳಪ್ಪರ್. 1693ರಲ್ಲಿ ಓರಿಯೂರಿನಲ್ಲಿ ರಕ್ತಸಾಕ್ಷಿಯಾದ ಯೇಸುಸಭೆಯ ಸಂತ ಜಾನ್ ದೆ ಬ್ರಿಟೊ ಅವರಿಗೆ ಜನ ಅರುಳಾನಂದರ್ ಎಂದರು. ರಾಯಪ್ಪ, ಚಿನ್ನಪ್ಪ, ಚೌರಪ್ಪರ ಜೊತೆಗೆ ಅರುಳಪ್ಪನೂ ಕನ್ನಡ ಕಥೋಲಿಕರ ಮನೆ ಸೇರಿದ.

ದಾವಣಗೆರೆ ಬಟ್ಟೆ ಗಿರಣಿಗಳ ಊರಾಗಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಹೊಟ್ಟೆಪಾಡಿಗಾಗಿ ಹಲವು ಭಾಷೆಯವರು ಬಂದು ನೆಲೆಸಿದ ಊರುಗಳಿವು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬದ ಸಾಲಿನಲ್ಲಿ ಜಾನ್, ಜುವಾಂವ್, ಅರುಳಪ್ಪ ಒಟ್ಟಿಗೆ ನಿಂತರೆ, ಒಂದೇ ಹೆಸರಿನ ಮೂವರು ನಿಂತಂತೆಯೇ.

ಆದರೆ ಇಂದು ಅರುಳಪ್ಪ ಎಂಬ ಹೆಸರನ್ನು ಮಕ್ಕಳಿಗಿಡಲು ನಾವು ಸಂಕೋಚಪಡುತ್ತೇವೆ. ಶಾಲೆಯಲ್ಲಿ 'ಅರಳು ಮರಳು' ಎಂದು ಹಾಸ್ಯ ಮಾಡಿಯಾರು ಎಂಬ ಅಂಜಿಕೆ ಬೇರೆ. ತಾತನ ಹೆಸರು ಹಳೆಯದಾಯಿತೆಂದು ಮೊಮ್ಮಗನಿಗೆ ಇವಾನ್, ಇಯಾನ್, ಶಾನ್ ಎಂದಿಡುತ್ತೇವೆ. ಇವಾನ್ ರಷ್ಯನ್ನರ ಯೊವಾನ್ನ, ಇಯಾನ್ ಸ್ಕಾಟ್ಲೆಂಡಿನವರ ಯೊವಾನ್ನ, ಶಾನ್ ಐರಿಷರ ಯೊವಾನ್ನ! ತಾತನ ಹೆಸರನ್ನೇ ಇಟ್ಟಂತಾಯಿತು, ತಾತನಿಗೆ ಮಾತ್ರ ಅದು ತಿಳಿಯಲಿಲ್ಲ. ತಿಳಿಸಿದರೆ ಆ ಹಿರಿಯ ಜೀವ ಎಷ್ಟು ಸಂತೋಷಪಟ್ಟೀತು!

ಸಂತರ ಹೆಸರನ್ನೇ ಇಡಬೇಕೆಂಬ ಕಟ್ಟುಪಾಡು ಈಗಿಲ್ಲ. ಕ್ರೈಸ್ತ ಮನೋಭಾವಕ್ಕೆ ಹೊರತಾದ ಹೆಸರು ಬೇಡ ಎಂದಷ್ಟೇ 1983ರ ಧರ್ಮಸಭೆಯ ಕಾನೂನಿನ 855ನೆಯ ವಿಧಿ ತಂದೆತಾಯಿ, ಜ್ಞಾನ ತಂದೆತಾಯಿ ಹಾಗೂ ಧರ್ಮಕೇಂದ್ರದ ಗುರುಗಳಿಗೆ ಹೇಳುತ್ತದೆ. ಕೃಪಾಕರ ಎಂದಿಟ್ಟರೂ ಯೊವಾನ್ನರ ಹೆಸರಿನ ಅರ್ಥಕ್ಕೆ ಹತ್ತಿರವೇ. ಯಾವ ಹೆಸರನ್ನಿಟ್ಟರೂ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲೂ ಜನನ ಪ್ರಮಾಣಪತ್ರದಲ್ಲೂ ಒಂದೇ ರೀತಿ ಬರೆಸಿ. ಒಂದರಲ್ಲಿ ಜಾನ್, ಇನ್ನೊಂದರಲ್ಲಿ ಅರುಳಪ್ಪ ಎಂದಿದ್ದರೆ ಮದುವೆಯ ಕಾಗದಪತ್ರಗಳ ಹೊತ್ತಿಗೆ ಓಡಾಟ ತಪ್ಪದು.